ಬಾಟಲಿ ತಳದ ಗಷ್ಟು

ನನ್ನ ಗಂಡನನ್ನು ಜರ್ಮನಿಗೆ ಕರೆಸಿಕೊಂಡ ಮನುಷ್ಯ ಅದಕ್ಕೂ ಮೊದಲು ಎಂಟು ತಿಂಗಳು ಬೆಲ್ಜಿಯಂನಲ್ಲಿದ್ದ. ಆ ಎಂಟು ತಿಂಗಳನ್ನು ಅವನು ತಾನೂ ಮರೆಯಲಿಲ್ಲ, ನಮಗೂ ಮರೆಯಗೊಡಲಿಲ್ಲ. ಬೆಂಗಳೂರಿನವನು, ನಮ್ಮವರ ಟೀಮ್ ಲೀಡ್. ಜರ್ಮನಿಯ ಹರ್ಟ್ಸೋಗೆನಾವ್‌ರಾಕ್ ಎಂಬ ಊರಿನಲ್ಲಿ ನಾವಿದ್ದ ಕಟ್ಟಡದಲ್ಲೇ, ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬನೇ ಇದ್ದ. ಎಲ್ಲರೂ ಅವನನ್ನು ಲೀಡ್ ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಎದುರಿಗೆ ಬಹುವಚನ ಕೊಟ್ಟು ಮಾತಾಡಿಸಿದ್ದು ಸಾಕು, ಬರೆಯುವಾಗ ಏಕವಚನವೇ ಇರಲಿ.

ಆ ಸೀಮೆಯಲ್ಲಿ ಯಾವ ಹಳ್ಳಿಗೆ ಹೋದರೂ ಒಂದು ಚರ್ಚು, ಒಂದು ಬ್ರೂವರಿ. ತಲೆಮಾರುಗಳಿಂದ ಬಿಯರ್ ಮಾಡಿಕೊಂಡು ಬಂದ ಜನ. ಅಂಥ ಕಡೆ ಕೂತು ಇವನು ಹೇಳುತ್ತಿದ್ದ: "ಗುರು, ಈ ಜರ್ಮನ್ನರಿಗೆ ಬಿಯರ್ ಅಂದ್ರೆ ಏನಂತ್ಲೇ ಗೊತ್ತಿಲ್ಲ. ಬೆಲ್ಜಿಯಂಗೆ ಹೋಗ್ಬೇಕು ನೀನು." ನಮ್ಮವರು ಹೌದೌದು ಎಂದು ತಲೆ ಆಡಿಸುತ್ತಿದ್ದರು. ಹುಬ್ಬಳ್ಳಿಯಿಂದ ಬಂದು ಐದು ತಿಂಗಳಾಗಿತ್ತು. ಬೆಲ್ಜಿಯಂ ಎತ್ತ ಕಡೆಗಿದೆ ಎಂದು ಕೇಳಿದ್ದರೆ ಕಿಟಕಿಯ ಕಡೆ ಕೈ ತೋರಿಸುತ್ತಿದ್ದರೇನೋ.

ಅದು ಜರ್ಮನಿ ಹೊರದೇಶದ ಸಾಫ್ಟ್‌ವೇರ್ ಜನರಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದ ಕಾಲ. ಹೆಸರೇ ಹಾಗೆ, ಕಾರ್ಡೂ ಇರಲಿಲ್ಲ, ಹಸಿರೂ ಇರಲಿಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಒಂದು ಚೀಟಿ. ನಮ್ಮವರ ಚೀಟಿಯಲ್ಲಿ ಕೆಲಸ ಮಾಡಬಹುದು ಎಂದಿತ್ತು, ನನ್ನದರಲ್ಲಿ ಮಾಡುವಂತಿಲ್ಲ ಎಂದಿತ್ತು. ಧಾರವಾಡದಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಮಾಡಿ, ನಾಲ್ಕು ವರ್ಷ ಹಾಲಿನ ಡೇರಿಯ ಲ್ಯಾಬಿನಲ್ಲಿ ದುಡಿದಿದ್ದೆ. ದಿನಕ್ಕೆ ಸೂಕ್ಷ್ಮಜೀವಿ ಬೆಳೆದ ನಲವತ್ತು ಪ್ಲೇಟು ನೋಡುತ್ತಿದ್ದವಳು ಈಗ ವಾರಕ್ಕೆ ಎರಡು ದಿನ ಫೋಕ್ಸ್‌ಹೋಕ್‌ಶೂಲೆ ಎಂಬ ದೊಡ್ಡವರ ಶಾಲೆಗೆ ಹೋಗಿ ಜರ್ಮನ್ ಕಲಿಯುತ್ತಿದ್ದೆ, ಉಳಿದ ದಿನ ಕಿಟಕಿಯ ಗಾಜು ಒರೆಸುತ್ತಿದ್ದೆ. ಶನಿವಾರ ಮಧ್ಯಾಹ್ನ ಲೀಡ್ ಮನೆಯಲ್ಲಿ ನಾಲ್ಕೈದು ಗಂಡಸರು ಸೇರುತ್ತಿದ್ದರು. ಅವರಿಗೆ ಮಿರ್ಚಿ ಭಜಿ ಕಳಿಸುವುದು ನನ್ನ ಪಾಲಿನ ಕೆಲಸ. ಅದಕ್ಕೆ ಯಾವ ಚೀಟಿಯೂ ಅಡ್ಡ ಬರಲಿಲ್ಲ.

ಒಂದು ಶನಿವಾರ ಅವನು ತಾನೇ ಬಿಯರ್ ಮಾಡುತ್ತೇನೆಂದು ಘೋಷಿಸಿದ. ಬೆಲ್ಜಿಯಂನ ಯಾವುದೋ ಮಠದ ಸನ್ಯಾಸಿಗಳು ಮಾಡುವ ಬಿಯರಿನ ಬಾಟಲಿಗಳನ್ನು ತಂದಿಟ್ಟಿದ್ದ. ನಮ್ಮ ಕಡೆ ಮಠ ಎಂದರೆ ದಾಸೋಹ. ಸನ್ಯಾಸಿಗಳು ಬಿಯರ್ ಮಾಡುವುದನ್ನು ನಾನು ಮೊದಲು ಕೇಳಿದ್ದು ಅಲ್ಲೇ. ಆ ಬಿಯರನ್ನು ಸೋಸುವುದಿಲ್ಲವಂತೆ. ಬಾಟಲಿಯ ತಳದಲ್ಲಿ ಬೆಳ್ಳಗೆ ಗಷ್ಟು ನಿಂತಿರುತ್ತದೆ, ಅದರಲ್ಲಿ ಜೀವಂತ ಯೀಸ್ಟ್ ಇರುತ್ತದೆ, ಅದನ್ನು ಎಬ್ಬಿಸಿ ಬೆಳೆಸಿಕೊಂಡರೆ ಅದೇ ಬಿಯರು ನಮ್ಮ ಮನೆಯಲ್ಲೂ ಆಗುತ್ತದೆ. ಇಷ್ಟನ್ನು ಅವನು ಅರ್ಧ ಗಂಟೆ ಹೇಳಿದ. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಾಡಿದ್ದರಲ್ಲಿ ಸರಿಯಾದದ್ದು ಒಂದೂ ಇರಲಿಲ್ಲ.

ಭಜಿ ಕೊಡಲು ಹೋದವಳು ಬಾಗಿಲ ಬಳಿ ನಿಂತು ನೋಡಿದೆ. ಬಾಟಲಿಯ ಬಾಯಿಯನ್ನು ಅಂಗಿಯ ತುದಿಯಿಂದ ಒರೆಸಿದ. ಮಾಲ್ಟ್ ನೀರನ್ನು, ಅಂದರೆ ಮೊಳಕೆ ಬಾರ್ಲಿ ಬೇಯಿಸಿದ ನೀರನ್ನು, ಚಮಚದಲ್ಲಿ ತೆಗೆದು ರುಚಿ ನೋಡಿ ಅದೇ ಚಮಚವನ್ನು ಮತ್ತೆ ಪಾತ್ರೆಯಲ್ಲಿ ಆಡಿಸಿದ. ಸಕ್ಕರೆ ಹಾಕುವಾಗ, "ಇದು ಸಾದಾ ಸಕ್ಕರೆ ಅಲ್ಲ ಮಗಾ, ಕ್ಯಾಂಡಿ ಶುಗರ್" ಎಂದು ಒಬ್ಬನಿಗೆ ಕೈಯಲ್ಲಿ ಕೊಟ್ಟು ತೋರಿಸಿದ. ಅದು ಕಲ್ಲುಸಕ್ಕರೆ. ಜಾತ್ರೆಯಲ್ಲಿ ಹಂಚುವಂಥ ಕಲ್ಲುಸಕ್ಕರೆ. ಆ ಗಂಡಸು ಅದನ್ನು ಬೆಳಕಿಗೆ ಹಿಡಿದು ನೋಡಿದ, ವಜ್ರ ನೋಡುವವನ ಹಾಗೆ.

ನಾನು ಒಳಗೆ ಕಾಲಿಟ್ಟೆ. "ಮೇಡಂ, ಅಲ್ಲೇ ಇರಿ, ಕಂಟಾಮಿನೇಶನ್ ಆಗತ್ತೆ" ಅಂದ. ಕೈಯಲ್ಲಿ ಅದೇ ಚಮಚ.

ಮನೆಯಲ್ಲಿ ಬಿಯರ್ ಮಾಡುವವರು ಮೊದಲೇ ಸುಂಕದ ಕಚೇರಿಗೆ, ಅಲ್ಲಿಯವರು ಹೌಪ್ಟ್‌ಝೋಲ್‌ಆಮ್ಟ್ ಎನ್ನುತ್ತಾರೆ, ಒಂದು ಪತ್ರ ಬರೆದು ತಿಳಿಸಬೇಕೆಂದು ನಮ್ಮ ಜರ್ಮನ್ ತರಗತಿಯಲ್ಲಿ ಯಾರೋ ಹೇಳಿದ್ದರು. ನಮ್ಮವರ ಮೂಲಕ ಹೇಳಿಸಿದೆ. ಲೀಡ್ ನಕ್ಕನಂತೆ. ಖಾಲಿ ರಸ್ತೆಯಲ್ಲೂ ಕೆಂಪು ದೀಪ ಕಂಡರೆ ಕಂಬದ ಹಾಗೆ ನಿಲ್ಲುವ ಮನುಷ್ಯ. ಯಾರಾದರೂ ನೋಡುವ ಕಡೆ ಮಾತ್ರ ಅವನಿಗೆ ಕಾನೂನು.

ಮೂರು ವಾರದ ನಂತರ ಆ ಬಿಯರನ್ನು ಎಲ್ಲರೂ ಕುಡಿದರು. ಮೆಟ್ಟಿಲವರೆಗೆ ವಿನೆಗರ್ ವಾಸನೆ ಬರುತ್ತಿತ್ತು. "ಸ್ವಲ್ಪ ಹುಳಿ ಇರ್ಬೇಕು, ಅದೇ ಬೆಲ್ಜಿಯನ್ ಕ್ಯಾರೆಕ್ಟರ್" ಎಂದು ಲೀಡ್ ಹೇಳಿದನಂತೆ. ನಮ್ಮವರು ಎರಡು ಗ್ಲಾಸು ಕುಡಿದು ಬಂದು ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತರು.

"ಛಲೋ ಇತ್ತೇನ್ರೀ?" ಎಂದೆ.

"ಕ್ಯಾರೆಕ್ಟರ್ ಇತ್ತು" ಅಂದರು.

ಆ ವಾರವೇ ನಾನು ಮೇಲಿನ ಮನೆಯ ಬಾಗಿಲಾಚೆ ಇಟ್ಟಿದ್ದ, ಸನ್ಯಾಸಿಗಳ ಬಿಯರಿನ ಖಾಲಿ ಬಾಟಲಿಗಳ ಚೀಲದಿಂದ ಎರಡನ್ನು ಎತ್ತಿಕೊಂಡು ಬಂದೆ. ಆಸಕ್ತಿಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಸಹ್ಯ ತಡೆಯಲಾಗದೆ ತಂದೆ. ಮೈಸೂರು ಪಾಕ್ ಮಾಡಲು ಬಾರದವರು ಒಲೆಯ ಮುಂದೆ ಕೂತಿದ್ದರೆ ನಮ್ಮ ಅವ್ವ ಸೌಟು ಕಸಿದುಕೊಳ್ಳುತ್ತಿದ್ದಳಲ್ಲ, ಅಂಥ ಅಸಹ್ಯ. ಮುಚ್ಚಳ ಮತ್ತೆ ಬಿಗಿದಿದ್ದ ಬಾಟಲಿಗಳವು, ತಳದಲ್ಲಿ ಬೆರಳಿನಷ್ಟು ಗಷ್ಟು ಉಳಿದಿತ್ತು.

ಹುಬ್ಬಳ್ಳಿಯಿಂದ ತಂದ ಪ್ರೆಶರ್ ಕುಕ್ಕರ್ ಇತ್ತು. ಲ್ಯಾಬಿನಲ್ಲಿ ಎಲ್ಲವನ್ನೂ ಹಬೆಯಲ್ಲಿ ಶುದ್ಧ ಮಾಡುವ ಯಂತ್ರವೂ ಅದರ ಅಣ್ಣತಮ್ಮನೇ. ಏಷ್ಯನ್ ಅಂಗಡಿಯಲ್ಲಿ ಜೆಲ್ಲಿ ಕಟ್ಟುವ ಚೈನಾ ಗ್ರಾಸ್ ಸಿಕ್ಕಿತು. ಮಾಲ್ಟ್ ನೀರಿಗೆ ಅದನ್ನು ಹಾಕಿ, ಜಾಮಿನ ಸಣ್ಣ ಸೀಸೆಗಳಿಗೆ ತುಂಬಿ, ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಇಟ್ಟೆ. ತಣಿದಾಗ ತಳದಲ್ಲಿ ಗಟ್ಟಿಯಾಗಿ, ಕಂದು ಬಣ್ಣದ ಗಾಜಿನ ಹಾಗೆ ನಿಂತಿತು. ಚೀಸ್ ಕರಗಿಸುವ ಫಾಂಡ್ಯೂ ಪಾತ್ರೆಯ ಕೆಳಗಿಡುವ ಸ್ಪಿರಿಟ್ ದೀಪವನ್ನು ಯಾರೋ ಉಡುಗೊರೆ ಕೊಟ್ಟಿದ್ದರು. ಅದರ ಉರಿಯಲ್ಲಿ ತಂತಿಯನ್ನು ಕೆಂಪಗೆ ಕಾಯಿಸಿ, ಆರಿಸಿ, ಬಾಟಲಿಯ ಗಷ್ಟಿಗೆ ಮುಟ್ಟಿಸಿ, ಸೀಸೆಯೊಳಗೆ ಗೆರೆ ಎಳೆದೆ. ಆರೇಳು ತಿಂಗಳಿಂದ ಆ ಕೆಲಸ ಮಾಡಿರಲಿಲ್ಲ. ಆದರೂ ಗೆರೆ ನೇರವಾಗಿ ಬಂತು. ಅದೊಂದು ನನಗೆ ಆ ದಿನ ಸಂತೋಷ ಕೊಟ್ಟ ಸಂಗತಿ.

ನಾಲ್ಕನೆಯ ದಿನ ಗೆರೆಗಳ ತುದಿಯಲ್ಲಿ ಬಿಳಿ ಚುಕ್ಕೆಗಳು ಎದ್ದಿದ್ದವು. ನೋಡಿದರೆ ಎರಡು ಜಾತಿ. ಒಂದು ದೊಡ್ಡದು, ನುಣ್ಣಗೆ, ಬೆಣ್ಣೆಯ ಹನಿಯ ಹಾಗೆ. ಇನ್ನೊಂದು ಸಣ್ಣದು, ಅಂಚು ಸುಕ್ಕುಗಟ್ಟಿದ್ದು. ಎರಡನ್ನೂ ಬೇರೆ ಬೇರೆ ಜಾಡಿಗಳ ಮಾಲ್ಟ್ ನೀರಿಗೆ ಹಾಕಿ, ಮೇಲೆ ಹತ್ತಿ ತುರುಕಿ, ಹೀಟರಿನ ಪಕ್ಕ ಇಟ್ಟೆ. ಮೂರು ದಿನದಲ್ಲಿ ಎರಡೂ ನೊರೆಗಟ್ಟಿದವು. ದೊಡ್ಡ ಚುಕ್ಕೆಯ ಜಾಡಿ ಮೂಸಿದರೆ ಬರೀ ನಾದಿದ ಹಿಟ್ಟಿನ ವಾಸನೆ. ಸಣ್ಣದರ ಜಾಡಿಯಲ್ಲಿ ಲವಂಗ, ಅದರ ಹಿಂದೆ ಮಾಗಿದ ಬಾಳೆಹಣ್ಣು. ಊಹಿಸುವುದು ಕಷ್ಟವಿರಲಿಲ್ಲ. ಬಿಯರನ್ನು ಹುದುಗಿಸುವ ಯೀಸ್ಟ್ ಒಂದು. ಬಾಟಲಿ ತುಂಬುವಾಗ ಗ್ಯಾಸ್ ಹುಟ್ಟಲೆಂದು ಹಾಕುವ ಯೀಸ್ಟ್ ಇನ್ನೊಂದು. ಆ ಸನ್ಯಾಸಿಗಳು ಎರಡನ್ನೂ ಬಳಸುತ್ತಿದ್ದರು. ಬಿಯರಿಗೆ ಗುಣ ಬರುವುದು ಲವಂಗದ ವಾಸನೆಯ ಯೀಸ್ಟಿನಿಂದ.

ನಮ್ಮವರು ಆಫೀಸಿನಿಂದ ಬಂದು ಜಾಡಿ ಮೂಸಿದರು. ಮುಖ ಅರಳಿತು. "ಇದನ್ನ ಲೀಡ್‌ಗೆ ತೋರಸ್ಬೇಕು" ಅಂದರು. ನನ್ನ ಹೆಂಡತಿ ಎಷ್ಟು ಚೆನ್ನಾಗಿ ಮಾಡಿದ್ದಾಳೆ ಎಂದು ಮೊದಲು ಅನ್ನಿಸಬಹುದಿತ್ತು. ಅನ್ನಿಸಲಿಲ್ಲ.

ಲೀಡ್ ಇಳಿದು ಬಂದ. ಮೂಸಿದ. ಕಣ್ಣು ಮುಚ್ಚಿ ಮತ್ತೆ ಮೂಸಿದ. "ಮೇಡಂ, ಇದು ನನ್ ಬಾಟಲ್‌ದೇ ಅಲ್ವಾ?"

"ಹೌದ್ರಿ. ನೀವು ಒಗೆದಿದ್ದು."

"ಹಾಗಾದ್ರೆ ನನ್ ಯೀಸ್ಟೇ ಆಯ್ತಲ್ಲ" ಎಂದು ನಕ್ಕ. ನಮ್ಮವರೂ ನಕ್ಕರು.

ಕೊಡುತ್ತೇನೆ, ಆದರೆ ನಾನು ಹೇಳಿದ ಹಾಗೆ ಮಾಡಬೇಕು ಎಂದೆ. ಹುಳಿ ಬಿಯರನ್ನು ಇನ್ನೊಮ್ಮೆ ಕ್ಯಾರೆಕ್ಟರ್ ಎಂದು ಕರೆಯುವ ಧೈರ್ಯ ಅವನಿಗೂ ಇರಲಿಲ್ಲ, ಒಪ್ಪಿಕೊಂಡ. ಮುಂದಿನ ಶನಿವಾರ ನಾನು ಅವನ ಅಡುಗೆಮನೆಯಲ್ಲಿ ನಿಂತೆ. ಜರ್ಮನ್ನರು ಹಣ್ಣು, ಸೌತೆಕಾಯಿಗಳನ್ನು ಬಾಟಲಿ ಸಮೇತ ಕುದಿಸುವ ದೊಡ್ಡ ಕರೆಂಟಿನ ಪಾತ್ರೆಯನ್ನು ಬಾಡಿಗೆಗೆ ತಂದಿದ್ದ. ಚಮಚ ಒಮ್ಮೆ ಬಾಯಿಗೆ ಹೋದರೆ ಸಿಂಕಿಗೆ ಹೋಗಬೇಕು. ಬಕೆಟ್ಟನ್ನು ಕುದಿನೀರಲ್ಲಿ ತೊಳೆದು ಬಟ್ಟೆಯಿಂದ ಒರೆಸಬಾರದು. ತಣಿಯುವ ತನಕ ಯಾರೂ ಮುಚ್ಚಳ ತೆಗೆದು ಇಣುಕಬಾರದು. ಇಂಜಿನಿಯರುಗಳು, ದೊಡ್ಡ ದೊಡ್ಡ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವವರು, ಮುಚ್ಚಳ ತೆಗೆಯದೆ ಇಪ್ಪತ್ತು ನಿಮಿಷ ಇರಲಾರದೆ ಒದ್ದಾಡಿದರು. ನಾನು ಪಾತ್ರೆಗೆ ಅಡ್ಡ ನಿಂತೆ. ಲವಂಗದ ಜಾಡಿಯನ್ನು ನಾನೇ ಸುರಿದೆ. ಮರುದಿನ ಬೆಳಿಗ್ಗೆ ಬಕೆಟ್ಟಿನ ಮೇಲೆ ಗ್ಯಾಸ್ ಹೊರಬಿಡುವ ನಳಿಕೆ ಗುಳುಗುಳು ಎನ್ನುತ್ತಿತ್ತು.

ಬಾಟಲಿಗೆ ತುಂಬಿ ನಾಲ್ಕು ವಾರವಾದ ಮೇಲೆ ಒಂದು ಚಮಚ ರುಚಿ ನೋಡಿದೆ. ನಮ್ಮ ಮನೆಯಲ್ಲಿ ಯಾರೂ ಮುಟ್ಟದ್ದು, ನಾನೂ ಅದುವರೆಗೆ ಮುಟ್ಟಿರಲಿಲ್ಲ. ವಾಸನೆ ನಾನು ಎಣಿಸಿದ್ದಂತೆಯೇ ಇತ್ತು. ರುಚಿ ಕಹಿ ಕಷಾಯ. ಇಷ್ಟಕ್ಕಾಗಿ ಲೋಕದ ಗಂಡಸರೆಲ್ಲ ಇಷ್ಟು ಹಾರಾಡುತ್ತಾರಾ ಎನಿಸಿತು. ಉಗುಳಿ ಬಾಯಿ ಮುಕ್ಕಳಿಸಿದೆ. ಗಂಡಸರು ಮಾತ್ರ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ನನ್ನ ಬೆನ್ನು ಯಾರೂ ತಟ್ಟಲಿಲ್ಲ. ತಟ್ಟುವಂತಿಲ್ಲ ಎಂಬುದೂ ನಿಜ, ಆದರೆ ಬಾಯಿಂದ ಒಂದು ಮಾತು ಹೇಳಬಹುದಿತ್ತು.

ಜೂನಿನಲ್ಲಿ ಅವರ ಡಿಪಾರ್ಟ್‌ಮೆಂಟಿನ ಗ್ರಿಲ್‌ಫೆಸ್ಟ್. ಹುಲ್ಲಿನ ಮೇಲೆ ಉದ್ದದ ಬೆಂಚುಗಳು, ಹೊಗೆ, ಸಾಸೇಜು. ಲೀಡ್ ಎರಡು ಕ್ರೇಟು ಬಿಯರ್ ತಂದಿದ್ದ, ನಾನು ಒಂದು ಡಬ್ಬಿ ಭಜಿ. ಅವರೆಲ್ಲರ ಮೇಲಿನ ಅಧಿಕಾರಿ, ಬಿಳಿಗಡ್ಡದ ಜರ್ಮನ್, ಮೊದಲು ಬೇಡವೆಂದರೂ ಒಂದು ಗುಟುಕು ಕುಡಿದ. ಗ್ಲಾಸನ್ನು ಎತ್ತಿ ನೋಡಿದ. ಇನ್ನೊಂದು ಗುಟುಕು. ಅವನಿಗೂ ಮನೆಯಲ್ಲಿ ಬಿಯರ್ ಮಾಡುವ ಗೀಳು ಇತ್ತೆಂದು ಆಮೇಲೆ ತಿಳಿಯಿತು. ಈ ಯೀಸ್ಟ್ ಎಲ್ಲಿಂದ ಬಂತು ಎಂದು ಕೇಳಿದ.

"ಬಾಟಲಿಯ ತಳದಿಂದ. ನಾನೇ ಬೆಳೆಸಿದೆ" ಎಂದ ಲೀಡ್, ಜರ್ಮನ್‌ನಲ್ಲಿ. ಅಷ್ಟು ಜರ್ಮನ್ ನನಗೆ ಬಂದಿತ್ತು. ಅದು ಬರದೇ ಇದ್ದಿದ್ದರೆ ಆ ಬೇಸಿಗೆ ಸುಖವಾಗಿ ಕಳೆಯುತ್ತಿತ್ತು.

ತಳದಲ್ಲಿ ಎರಡು ಯೀಸ್ಟ್ ಇರುತ್ತವಲ್ಲ, ಹೇಗೆ ಬೇರೆ ಮಾಡಿದೆ ಎಂದು ಗಡ್ಡದವನು ಕೇಳಿದ.

"ಅನುಭವ" ಎಂದ ಲೀಡ್. ಮೂಗನ್ನು ಬೆರಳಿಂದ ತಟ್ಟಿ ತೋರಿಸಿದ.

ನಮ್ಮವರು ಅವನ ಪಕ್ಕದಲ್ಲೇ ಇದ್ದರು. ನಾನು ಅವರನ್ನೇ ನೋಡುತ್ತಿದ್ದೆ. ಅವರು ತಟ್ಟೆಯಲ್ಲಿದ್ದ ಜೋಳದ ತೆನೆಯನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು, ಆಮೇಲೆ ಕಚ್ಚಿದರು. ನಾನು ಬಾಯಿ ತೆರೆಯಬಹುದಿತ್ತು. ವಾಕ್ಯ ಕೂಡ ಸಿದ್ಧವಿತ್ತು. ಕ್ರಿಯಾಪದ ಎಲ್ಲಿ ಬರಬೇಕು ಎಂದು ಯೋಚಿಸುವಷ್ಟರಲ್ಲಿ ಗಡ್ಡದವನು ಲೀಡ್ ಹೆಗಲ ಮೇಲೆ ಕೈಯಿಟ್ಟು ಆ ಕಡೆ ಕರೆದುಕೊಂಡು ಹೋದ.

ಬಸ್ ನಿಲ್ದಾಣದಲ್ಲಿ ಕೇಳಿದೆ. "ಯಾಕ ಸುಮ್ಮನ ನಿಂತ್ರಿ?"

"ಎಲ್ಲಾರ ಮುಂದ ಏನ್ ಹೇಳ್ಲಿ? ಅಂವಾ ನನ್ನ ಲೀಡ್ ಅಲ್ಲೇನು?"

"ಸುಳ್ಳು ಹೇಳಿದ್ದು ಅಂವಾ. ನಾಚಿಕಿ ನಿಮಗ್ಯಾಕ?"

"ಒಂದು ಬಿಯರಿನ ಸಲುವಾಗಿ ನೀ ಇಷ್ಟ್ಯಾಕ ತಲಿ ಕೆಡಿಸ್ಕೊಳ್ತಿ? ಕುಡಿಯೂದೂ ಇಲ್ಲ ನೀ."

ಬಸ್ಸು ಬಂತು. ನಾನು ಬೇರೆ ಸೀಟಿನಲ್ಲಿ ಕೂತೆ. ಮದುವೆಯಾಗಿ ಮೂರು ವರ್ಷದಲ್ಲಿ ಅವರ ಮೇಲೆ ಸಿಟ್ಟು ಬಂದದ್ದುಂಟು, ಬೇಸರ ಬಂದದ್ದುಂಟು. ಆ ದಿನ ಬಂದದ್ದು ಬೇರೆ. ಒಬ್ಬ ಮನುಷ್ಯನನ್ನು ನೋಡಿ, ಇಷ್ಟೇನಾ ಇವರು ಎನಿಸುವುದು. ಸಿಟ್ಟಾದರೆ ಅನ್ನ ಬೇಯುವಷ್ಟರಲ್ಲಿ ಇಳಿಯುತ್ತದೆ. ಇದು ಇಳಿಯಲಿಲ್ಲ. ಅವರು ಊಟಕ್ಕೆ ಕೂತಾಗ, ಶೂ ಲೇಸು ಕಟ್ಟುವಾಗ, ಫೋನಿನಲ್ಲಿ ಅವ್ವನೊಂದಿಗೆ ಇಲ್ಲಿಯ ತಮ್ಮ ಜವಾಬ್ದಾರಿಗಳ ಬಗ್ಗೆ ಹೇಳುವಾಗ, ಆ ಜೋಳದ ತೆನೆ ತಿರುಗುತ್ತಿರುವುದೇ ನನ್ನ ಕಣ್ಣಿಗೆ ಬೀಳುತ್ತಿತ್ತು.

ಆಗಸ್ಟಿನಲ್ಲಿ ಲೀಡ್ ಮತ್ತೆ ಬಂದ. ಯಾರೋ ದೊಡ್ಡವರ ಬೀಳ್ಕೊಡುಗೆಯಂತೆ, ಗಡ್ಡದವನು ತಾನಾಗಿ ಅದೇ ಬಿಯರ್ ಬೇಕೆಂದು ಹೇಳಿದ್ದಾನಂತೆ. "ಮೇಡಂ, ಯೀಸ್ಟ್ ಕೊಡಿ. ಈ ಸಲ ನಿಮಗೆ ತೊಂದ್ರೆ ಕೊಡಲ್ಲ, ಪ್ರೊಸೀಜರ್ ಎಲ್ಲಾ ನಂಗೆ ಗೊತ್ತು."

ನಾನು ಎರಡು ಜಾತಿಯ ಯೀಸ್ಟನ್ನೂ ಫ್ರಿಜ್ಜಿನಲ್ಲಿ ಕಾಪಾಡಿಕೊಂಡು ಬಂದಿದ್ದೆ. ಒಂದು ವಾರದ ಮೊದಲೇ ಸುಳಿವು ಸಿಕ್ಕಿದ್ದರಿಂದ ಎರಡನ್ನೂ ಬೆಳೆಸಿ ಇಟ್ಟಿದ್ದೆ. ಎರಡು ಜಾಡಿಗಳನ್ನು ತಂದು ಮೇಜಿನ ಮೇಲೆ ಇಟ್ಟೆ. ಚೀಟಿ ಅಂಟಿಸಿರಲಿಲ್ಲ.

"ಒಂದು ಬಿಯರಿಂದು, ಒಂದು ಬಾಟಲಿಗೆ ಹಾಕೂದು. ನೀವು ಮೂಸಿ ಆರಿಸ್ರಿ. ನಿಮಗ ಅನುಭವ ಅದ" ಎಂದೆ.

ನಮ್ಮವರು ಸೋಫಾದಲ್ಲಿದ್ದರು. ಪತ್ರಿಕೆ ಕೆಳಗಿಳಿಸಿದರು. ಲೀಡ್ ಒಂದನ್ನು ಮೂಸಿದ, ಇನ್ನೊಂದನ್ನು ಮೂಸಿದ. ಮುಖದಲ್ಲಿ ಒಂದು ಕ್ಷಣ ಹೆದರಿಕೆ ಹಾದುಹೋಯಿತು. ಬೆಳೆದ ಮೇಲೆ ಜಾಡಿಗಳನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದರಿಂದ ವಾಸನೆ ಅಷ್ಟು ಜೋರಾಗಿರಲಿಲ್ಲ, ಆದರೂ ಲವಂಗ ಇತ್ತು. ಅಡುಗೆ ಮಾಡುವ ಯಾರಿಗಾದರೂ ತಿಳಿಯುತ್ತಿತ್ತು. ಅವನು ಮೂಗು ಬಿಟ್ಟು ಕಣ್ಣಿನಿಂದ ಆರಿಸಿದ. ಯಾವುದರ ತಳದಲ್ಲಿ ಹೆಚ್ಚು ಗಷ್ಟು, ಹೆಚ್ಚು ಬಿಳುಪು ಇತ್ತೋ ಅದನ್ನೆತ್ತಿ, "ಇದೇ. ನೋಡಿದ್ರೇನೇ ಗೊತ್ತಾಗತ್ತೆ" ಎಂದ.

ಅದು ಹಿಟ್ಟಿನ ವಾಸನೆಯದು. ನಾನು ಮುಚ್ಚಳ ಬಿಗಿದು, ಚೀಲದಲ್ಲಿಟ್ಟು ಕೊಟ್ಟೆ. ನಮ್ಮವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಈ ಸಲವೂ ಅವರು ಸುಮ್ಮನಿದ್ದರು. ಈ ಸಲದ ಸುಮ್ಮನಿರುವಿಕೆ ನನಗೆ ಬೇಕಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅವನು ಮೆಟ್ಟಿಲು ಹತ್ತುವ ಸದ್ದು ಕೇಳುತ್ತ ನಾನು ಪಟ್ಟ ಖುಷಿ ದೊಡ್ಡ ಮನಸ್ಸಿನ ಖುಷಿಯೇನಲ್ಲ. ಚಿಲ್ಲರೆ ಖುಷಿ. ಆದರೆ ಆ ವರ್ಷ ಸಿಕ್ಕಿದ್ದೇ ಕಡಿಮೆ, ಅದನ್ನೂ ಬಿಡಲು ಮನಸ್ಸಾಗಲಿಲ್ಲ.

ಸೆಪ್ಟೆಂಬರಿನಲ್ಲಿ ನಡೆದ ಬೀಳ್ಕೊಡುಗೆಯ ಮರುದಿನ ಭಾನುವಾರ, ಲೀಡ್ ಕರೆಗಂಟೆಯನ್ನು ಎರಡು ಸಲ ಒತ್ತಿದ. ಬಿಯರ್ ಸಪ್ಪೆಯಾಗಿತ್ತಂತೆ. ಸಿಹಿ ಬ್ರೆಡ್ಡನ್ನು ನೀರಲ್ಲಿ ನೆನೆಸಿದ ಹಾಗೆ ಇತ್ತಂತೆ. ಗಡ್ಡದವನು ಗ್ಲಾಸನ್ನು ಅರ್ಧಕ್ಕೇ ಇಟ್ಟು ಸೋಡಾ ತಗೊಂಡನಂತೆ.

"ಮೇಡಂ, ನೀವು ಕೊಟ್ಟ ಕಲ್ಚರ್ ಸರಿ ಇರ್ಲಿಲ್ಲ. ಎಲ್ಲಾರ ಮುಂದೆ ನನ್ ಮರ್ಯಾದೆ ಹೋಯ್ತು."

"ಆರಿಸಿದವರು ನೀವಲ್ರೀ?"

"ತಪ್ಪಾಗಿದ್ರೆ ಹೇಳ್ಬೇಕಿತ್ತು ತಾನೇ? ಮನೇಲಿ ಕೂತು ಇಷ್ಟು ಕೂಡ..." ಎಂದು ಅವನು ನಮ್ಮವರ ಕಡೆ ತಿರುಗಿದ. "ಏನ್ ಗುರು ಇದು?"

ನಮ್ಮವರು ಎದ್ದು ನಿಂತರು. ಚಪ್ಪಲಿ ಒಂದು ಕಾಲಲ್ಲಿ, ಇನ್ನೊಂದು ಸೋಫಾದ ಕೆಳಗೆ. "ಮೊದಲಿಂದೂ ಅದನ್ನ ಮಾಡಿದ್ದು ಆಕಿ. ನೀವು ನಿಮ್ಮ ಹೆಸರು ಹೇಳಿದ್ರಿ, ನಾ ಬಾಯಿ ಮುಚ್ಚಿಕೊಂಡು ನಿಂತೆ. ಈಗ ಕೆಟ್ಟದ್ದಕ್ಕೆ ಆಕೀ ಹೆಸರು ಹೇಳಬ್ಯಾಡ್ರಿ. ಇದು ನಿಮ್ಮದ."

ಲೀಡ್ ಮೆಟ್ಟಿಲು ಹತ್ತಿ ಹೋದ. ಆಮೇಲೆ ಶನಿವಾರದ ಕರೆ ಬರಲಿಲ್ಲ. ಎರಡು ತಿಂಗಳೊಳಗೆ ನಮ್ಮವರನ್ನು ಬೇರೆ ಪ್ರಾಜೆಕ್ಟಿಗೆ ಹಾಕಿದರು. ಸಪ್ಪೆ ಕೆಲಸ, ದಿನವಿಡೀ ಯಾರೋ ಬರೆದ ಕೋಡನ್ನು ಪರೀಕ್ಷೆ ಮಾಡುವುದು. ಅವರು ಅದರ ಬಗ್ಗೆ ದೂರಲಿಲ್ಲ.

ನಾನು ಕೃತಜ್ಞಳಾಗಬೇಕೆಂದು ಅವರು ಕಾದರು. ಕಾಯುವುದು ಗೊತ್ತಾಗುತ್ತಿತ್ತು. ಜೂನಿನಲ್ಲಿ ಹೇಳಬೇಕಾದದ್ದನ್ನು ಸೆಪ್ಟೆಂಬರಿನಲ್ಲಿ, ಅದೂ ಬಾಗಿಲು ಹಾಕಿದ ಮನೆಯೊಳಗೆ ಹೇಳಿದವರಿಗೆ ಎಷ್ಟು ಕೃತಜ್ಞತೆ ಸಲ್ಲಬೇಕು ಎಂದು ನನಗೆ ತಿಳಿಯಲಿಲ್ಲ. ಒಂದು ದಿನ ಅವರು ತಾವಾಗಿ ಕೇಳಿದರು, "ಇನ್ನೂ ಸಿಟ್ಟ ಅದ ಏನು?" ಸಿಟ್ಟಿಲ್ಲ ಎಂದೆ. ಅದು ನಿಜವಿತ್ತು. ಉಳಿದದ್ದನ್ನು, ಇಷ್ಟೇನಾ ಇವರು ಎನಿಸಿದ್ದನ್ನು, ಹೇಳಲಿಲ್ಲ. ಅದು ಹೋಗಲು ಇನ್ನೂ ಒಂದೆರಡು ವರ್ಷ ಹಿಡಿಯಿತು, ಯಾವಾಗ ಹೋಯಿತೆಂದು ನನಗೂ ಗೊತ್ತಾಗಲಿಲ್ಲ. ಲೀಡ್ ಮಾತ್ರ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಅವನು ಬೆಂಗಳೂರಿಗೆ ಹಿಂತಿರುಗಿ ದೊಡ್ಡವನಾಗಿದ್ದಾನೆ ಎಂದು ಕೇಳಿದ್ದೇನೆ. ಈಗ ಅಲ್ಲಿಯವರಿಗೆ ಜರ್ಮನಿಯ ಬಗ್ಗೆ ಹೇಳುತ್ತಿರಬೇಕು.

ಆ ವರ್ಷದ ಚಳಿಗಾಲದಲ್ಲೇ ನನಗೆ ಕೆಲಸ ಮಾಡಲು ಅನುಮತಿ ಬಂತು. ಹತ್ತಿರದ ಊರಿನ ಒಂದು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಸಹಾಯಕಿಯ ಜಾಗ ಸಿಕ್ಕಿತು. ಮೇಲಧಿಕಾರಿ ನನಗಿಂತ ಚಿಕ್ಕವಳು, ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡವಳು. ನನ್ನ ಕಾಗದಗಳನ್ನು ಓದಿ, ಒಂದು ವರ್ಷ ಖಾಲಿ ಇದೆಯಲ್ಲ, ಏನು ಮಾಡುತ್ತಿದ್ದೆ ಎಂದಳು.

ಯೀಸ್ಟ್ ಬೆಳೆಸುತ್ತಿದ್ದೆ, ಅಡುಗೆಮನೆಯಲ್ಲಿ ಎಂದೆ.

ಯಾರಿಗೆ ಎಂದು ಕೇಳಿದಳು. ಇಬ್ಬರು ಗಂಡಸರಿಗೆ ಎಂದು ಬಾಯಿಗೆ ಬಂದಿತ್ತು. ಜರ್ಮನ್‌ನಲ್ಲಿ ಅದಕ್ಕೆ ಬೇರೆ ಏನಾದರೂ ಅರ್ಥವಾದೀತೆಂದು, "ಬಿಯರಿಗೆ" ಎಂದೆ. ಅವಳು ನಗಲಿಲ್ಲ. ಏನೋ ಬರೆದುಕೊಂಡು, ತೊಳೆಯಲು ಒಂದು ಟ್ರೇ ಪಿಪೆಟ್ಟುಗಳನ್ನು ನನ್ನ ಮುಂದಿಟ್ಟಳು.